ಕಾರ್ನೀಲಿಯಾ ಅಡೇರ್

ಕಾರ್ನೀಲಿಯಾ ವಾಡ್ಸ್‌ವರ್ತ್ ರಿಚಿ ಅಡೇರ್ (ಏಪ್ರಿಲ್ 6, 1837 – ಸೆಪ್ಟೆಂಬರ್ 22, 1921) ಅಮೆರಿಕ ಸಂಜಾತ ಭೂಮಾಲಕಿ, ಜಾನುವಾರು ರ‍್ಯಾಂಚ್‌ನ ಒಡತಿ ಹಾಗೂ ಬ್ರಿಟನ್ ಮತ್ತು ಐರ್ಲೆಂಡಿನ ಉನ್ನತ ಸಮಾಜದಲ್ಲಿ ಹೆಸರಾಗಿದ್ದ ಆತಿಥೇಯೆ. ನ್ಯೂಯಾರ್ಕ್ ರಾಜ್ಯದ ಶ್ರೀಮಂತ ಜಮೀನ್ದಾರಿ ಮನೆತನವೊಂದರಲ್ಲಿ ಬೆಳೆದ ಇವರು, ಎರಡನೆಯ ಪತಿ ಜಾನ್ ಜಾರ್ಜ್ ಅಡೇರ್ ಅವರ ಮರಣದ ನಂತರ ಟೆಕ್ಸಸ್‌ನ ಜೆ.ಎ. ರ‍್ಯಾಂಚ್ ಮತ್ತು ಐರ್ಲೆಂಡಿನ ಗ್ಲೆನ್‌ವೇ ಕೋಟೆಮನೆ ಎರಡಕ್ಕೂ ಒಡತಿಯಾದರು. ವಿಶಾಲವಾದ ಹುಲ್ಲುಗಾವಲಿನಲ್ಲಿ ಮಾಂಸಕ್ಕಾಗಿ ದನಗಳನ್ನು ಸಾಕಿ ಮಾರುವ ದೊಡ್ಡ ಹಿಡುವಳಿಗೆ ಅಮೆರಿಕದಲ್ಲಿ ರ‍್ಯಾಂಚ್ ಎಂದು ಹೆಸರು. ಜೆ.ಎ. ರ‍್ಯಾಂಚ್ ಟೆಕ್ಸಸ್ ರಾಜ್ಯದ ಉತ್ತರ ತುದಿಯಾದ ಪ್ಯಾನ್‌ಹ್ಯಾಂಡಲ್ ಪ್ರದೇಶದಲ್ಲಿ ಸ್ಥಾಪನೆಯಾದ ಮೊದಲ ದೊಡ್ಡ ರ‍್ಯಾಂಚ್ ಆಗಿದೆ. 1885ರಿಂದ ತಮ್ಮ ಮರಣದವರೆಗೆ, ಅಂದರೆ 36 ವರ್ಷಗಳ ಕಾಲ, ಕಾರ್ನೀಲಿಯಾ ಅದರ ಮಾಲೀಕತ್ವವನ್ನು ಉಳಿಸಿಕೊಂಡಿದ್ದರು. ಪಶ್ಚಿಮ ಅಮೆರಿಕದಲ್ಲಿ ತಾವು ಕೈಗೊಂಡ 1874ರ ಪ್ರವಾಸದ ದಿನಚರಿಯಿಂದಲೂ ಅವರು ಪರಿಚಿತರಾಗಿದ್ದಾರೆ.

ಜನನ ಮತ್ತು ಮನೆತನ

ಕಾರ್ನೀಲಿಯಾ 1837ರ ಏಪ್ರಿಲ್ 6ರಂದು ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದರು. ತಂದೆ ಜೇಮ್ಸ್ ಸ್ಯಾಮ್ಯುಯೆಲ್ ವಾಡ್ಸ್‌ವರ್ತ್, ತಾಯಿ ಮೇರಿ ಕ್ರೇಗ್ ವಾರ್ಟನ್. ತಾಯಿಯದು ಫಿಲಡೆಲ್ಫಿಯಾದ ಪ್ರತಿಷ್ಠಿತ ಕುಟುಂಬ. ಕಾರ್ನೀಲಿಯಾರ ಬಾಲ್ಯವು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿರುವ ಜೆನೆಸಿಯೋ ಎಂಬ ಊರಿನ ಬಳಿ, ಹಾರ್ಟ್‌ಫರ್ಡ್ ಹೌಸ್ ಎಂಬ ಮನೆಯಲ್ಲಿ ಕಳೆಯಿತು.

ವಾಡ್ಸ್‌ವರ್ತ್ ಮನೆತನದ ಸಂಪತ್ತಿಗೆ ಭೂಮಿಯೇ ಮೂಲವಾಗಿತ್ತು. ಕಾರ್ನೀಲಿಯಾರ ಅಜ್ಜ ಜೇಮ್ಸ್ ವಾಡ್ಸ್‌ವರ್ತ್ ಮತ್ತು ಅವರ ಸಹೋದರ ವಿಲಿಯಂ 1790ರಲ್ಲಿ ಕನೆಕ್ಟಿಕಟ್ ರಾಜ್ಯದಿಂದ ಜೆನೆಸೀ ನದಿಯ ಕಣಿವೆಗೆ ಬಂದು ನೆಲೆಸಿದರು. 1797ರಲ್ಲಿ ಜೆನೆಸಿಯೋ ಸಮೀಪದಲ್ಲಿಯೇ ಬಿಗ್ ಟ್ರೀ ಒಪ್ಪಂದಕ್ಕೆ ಸಹಿ ಬಿದ್ದು, ಅಲ್ಲಿನ ಮೂಲನಿವಾಸಿಗಳಾದ ಸೆನೆಕಾ ಜನರು ನದಿಯ ಪಶ್ಚಿಮದ ತಮ್ಮ ಭೂಮಿಯ ಬಹುಪಾಲನ್ನು ಬಿಟ್ಟುಕೊಟ್ಟರು. ಆ ಸಂದರ್ಭದಲ್ಲಿ ಅಮೆರಿಕ ಸರ್ಕಾರದ ಪ್ರತಿನಿಧಿಯಾಗಿದ್ದ ಜೆರೆಮಿಯಾ ವಾಡ್ಸ್‌ವರ್ತ್ ಈ ಸಹೋದರರ ಬಂಧುವೇ ಆಗಿದ್ದರು. ಅಮೆರಿಕದ ಇತರ ಅನೇಕ ಭೂವ್ಯಾಪಾರಿಗಳು ಜಮೀನನ್ನು ತುಂಡು ಮಾಡಿ ಮಾರುತ್ತಿದ್ದ ಕಾಲದಲ್ಲಿ, ವಾಡ್ಸ್‌ವರ್ತ್ ಸಹೋದರರು ಅದರ ದೊಡ್ಡ ಭಾಗವನ್ನು ತಮ್ಮಲ್ಲಿಯೇ ಇರಿಸಿಕೊಂಡು ಗೇಣಿದಾರರಿಗೆ ಕೊಟ್ಟರು. ಆದ್ದರಿಂದ ಕಾರ್ನೀಲಿಯಾ ಬೆಳೆದ ಪರಿಸರವು ಅಮೆರಿಕದಲ್ಲಿದ್ದರೂ ಇಂಗ್ಲೆಂಡಿನ ಜಮೀನ್ದಾರಿ ಮನೆಗಳ ರೀತಿಗೆ ಹತ್ತಿರವಾಗಿತ್ತು.

ತಂದೆ ಜೇಮ್ಸ್ ಎಸ್. ವಾಡ್ಸ್‌ವರ್ತ್ ಗುಲಾಮಗಿರಿಯ ವಿರೋಧಿಯಾಗಿದ್ದು ಮೊದಲು ಫ್ರೀ ಸಾಯಿಲ್ ಪಕ್ಷದಲ್ಲಿ, ನಂತರ ರಿಪಬ್ಲಿಕನ್ ಪಕ್ಷದಲ್ಲಿ ಗುರುತಿಸಿಕೊಂಡಿದ್ದರು. ಅಂತರ್ಯುದ್ಧ ಆರಂಭವಾದಾಗ ಉತ್ತರದ ಸೇನೆಯನ್ನು ಸೇರಿ ಜನರಲ್ ಪದವಿಗೇರಿದರು. 1862ರಲ್ಲಿ ನ್ಯೂಯಾರ್ಕ್ ರಾಜ್ಯಪಾಲ ಸ್ಥಾನಕ್ಕೆ ಸ್ಪರ್ಧಿಸಿ ಹೊರೇಷಿಯೋ ಸೀಮೋರ್ ಅವರಿಗೆ ಸೋತರು. 1863ರ ಗೆಟಿಸ್‌ಬರ್ಗ್ ಕದನದಲ್ಲಿ ಒಂದು ಸೇನಾ ವಿಭಾಗದ ನಾಯಕತ್ವ ವಹಿಸಿದ್ದರು.

ಮೊದಲ ವಿವಾಹ ಮತ್ತು ವೈಧವ್ಯ

1855ರಲ್ಲಿ ವಾಡ್ಸ್‌ವರ್ತ್ ಕುಟುಂಬವು ಯೂರೋಪಿಗೆ ತೆರಳಿ ಫ್ರಾನ್ಸ್ ಮತ್ತು ಇಂಗ್ಲೆಂಡಿನಲ್ಲಿ ಸುಮಾರು ಎರಡು ವರ್ಷ ಕಳೆಯಿತು. ಅಲ್ಲಿಂದ ಹಿಂದಿರುಗಿದ ಬಳಿಕ 1857ರಲ್ಲಿ ಕಾರ್ನೀಲಿಯಾ ಮಾಂಟ್ಗೊಮೆರಿ ರಿಚಿ ಅವರನ್ನು ವಿವಾಹವಾದರು. ರಿಚಿ ಬಾಸ್ಟನ್ನಿನ ಖ್ಯಾತ ರಾಜಕಾರಣಿ ಹ್ಯಾರಿಸನ್ ಗ್ರೇ ಓಟಿಸ್ ಅವರ ಮೊಮ್ಮಗ. ಈ ದಂಪತಿಗೆ ಇಬ್ಬರು ಗಂಡುಮಕ್ಕಳು ಜನಿಸಿದರು.

1864ನೆಯ ವರ್ಷ ಕಾರ್ನೀಲಿಯಾರ ಬದುಕಿನಲ್ಲಿ ಎರಡು ಸಾವುಗಳನ್ನು ತಂದಿತು. ತಂದೆ ವಾಡ್ಸ್‌ವರ್ತ್ ಮೇ 6ರಂದು ವರ್ಜೀನಿಯಾದ ವಿಲ್ಡರ್‌ನೆಸ್ ಕದನದಲ್ಲಿ ಗುಂಡೇಟು ತಿಂದು, ಎದುರು ಪಕ್ಷದ ಸೇನೆಯ ಕೈವಶವಾಗಿ, ಎರಡು ದಿನಗಳ ನಂತರ ಕೊನೆಯುಸಿರೆಳೆದರು. ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಪತಿ ರಿಚಿಯೂ ಅದೇ ವರ್ಷ ಅನಾರೋಗ್ಯದಿಂದ ತೀರಿಕೊಂಡರು. 27ನೆಯ ವಯಸ್ಸಿನಲ್ಲಿ ವಿಧವೆಯಾದ ಕಾರ್ನೀಲಿಯಾ ಮಕ್ಕಳೊಂದಿಗೆ ಪ್ಯಾರಿಸ್‌ಗೆ ತೆರಳಿ ಕೆಲಕಾಲ ವಾಸಿಸಿದರು.

ಜಾನ್ ಜಾರ್ಜ್ ಅಡೇರ್

1867ರಲ್ಲಿ ನ್ಯೂಯಾರ್ಕ್ ನಗರದ ನೃತ್ಯಕೂಟವೊಂದರಲ್ಲಿ ಕಾರ್ನೀಲಿಯಾ ಅವರಿಗೆ ಜಾನ್ ಜಾರ್ಜ್ ಅಡೇರ್ ಪರಿಚಯವಾಯಿತು. ಅದೇ ವರ್ಷ ಅವರಿಬ್ಬರ ವಿವಾಹ ನಡೆಯಿತು. ಐರ್ಲೆಂಡಿನ ಕ್ವೀನ್ಸ್ ಕೌಂಟಿಯಲ್ಲಿ (ಇಂದಿನ ಲೀಶ್ ಕೌಂಟಿ) 1823ರಲ್ಲಿ ಜನಿಸಿದ್ದ ಅಡೇರ್, ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿದ್ದರು. ರಾಥ್‌ಡೇರ್ ಎಂಬಲ್ಲಿ ಅವರ ಪಿತ್ರಾರ್ಜಿತ ಆಸ್ತಿಯಿತ್ತು. 1860ರ ದಶಕದಲ್ಲಿ ಅವರು ನ್ಯೂಯಾರ್ಕಿನಲ್ಲಿ ಸಾಲ ನೀಡುವ ವ್ಯವಹಾರವನ್ನು ಆರಂಭಿಸಿದ್ದರು. ಐರ್ಲೆಂಡಿನಲ್ಲಿ ಕಡಿಮೆ ಬಡ್ಡಿಗೆ ದೊರೆಯುತ್ತಿದ್ದ ಹಣವನ್ನು ತಂದು, ಬಂಡವಾಳದ ಕೊರತೆಯಿದ್ದ ಅಮೆರಿಕದಲ್ಲಿ ಹೆಚ್ಚಿನ ಬಡ್ಡಿಗೆ ಕೊಡುವುದು ಈ ವ್ಯವಹಾರದ ಸರಳ ಸೂತ್ರವಾಗಿತ್ತು.

ವಿವಾಹದ ವೇಳೆಗೆ ಅಡೇರ್ ಅವರ ಹೆಸರು ಐರ್ಲೆಂಡಿನಲ್ಲಿ ಬೇರೊಂದು ಕಾರಣಕ್ಕೆ ಕುಖ್ಯಾತವಾಗಿತ್ತು. ಮಹಾ ಕ್ಷಾಮದ ನಂತರದ ವರ್ಷಗಳಲ್ಲಿ, 1850ರ ದಶಕದ ಕೊನೆಗೆ, ಅವರು ದೇಶದ ವಾಯವ್ಯ ಭಾಗದ ಡೊನೆಗಾಲ್ ಕೌಂಟಿಯಲ್ಲಿ ಸುಮಾರು 28,000 ಎಕರೆ ಗುಡ್ಡಗಾಡು ಭೂಮಿಯನ್ನು ಕೊಂಡಿದ್ದರು. ಅಲ್ಲಿ ಸ್ಕಾಟ್ಲೆಂಡಿನ ಕುರಿಗಾಹಿಗಳನ್ನು ನೇಮಿಸಿ ಕುರಿ ಸಾಕಣೆ ಆರಂಭಿಸಿದಾಗ ಸ್ಥಳೀಯ ಗೇಣಿದಾರರೊಂದಿಗೆ ಕಲಹಗಳು ಹುಟ್ಟಿಕೊಂಡವು. 1860ರ ನವೆಂಬರ್‌ನಲ್ಲಿ ಅಡೇರ್ ಅವರ ಮೇಲ್ವಿಚಾರಕ ಜೇಮ್ಸ್ ಮರ್ರೇ ಕೊಲೆಯಾದನು. ಕೊಲೆಗಾರ ಯಾರೆಂಬುದು ರುಜುವಾತಾಗಲಿಲ್ಲ. ಆದರೆ ಇಡೀ ಪ್ರದೇಶದ ಜನರೇ ಅಪರಾಧಿಗಳಿಗೆ ಆಶ್ರಯ ಕೊಟ್ಟಿದ್ದಾರೆಂದು ಭಾವಿಸಿದ ಅಡೇರ್, 1861ರ ಏಪ್ರಿಲ್ ತಿಂಗಳಲ್ಲಿ ಪೊಲೀಸರ ಬೆಂಬಲದೊಂದಿಗೆ ಡೆರಿವೇ ಪ್ರದೇಶದ 47 ಕುಟುಂಬಗಳ 244 ಜನರನ್ನು ಮೂರು ದಿನಗಳಲ್ಲಿ ಒಕ್ಕಲೆಬ್ಬಿಸಿದರು. ಅವರಲ್ಲಿ 159 ಮಂದಿ ಮಕ್ಕಳು. ಅನೇಕ ಮನೆಗಳನ್ನು ಕೆಡವಲಾಯಿತು. ನಿರಾಶ್ರಿತರಲ್ಲಿ ಕೆಲವರು ಲೆಟರ್‌ಕೆನ್ನಿಯ ಬಡವರ ದುಡಿಮೆಮನೆಯನ್ನು (ವರ್ಕ್‌ಹೌಸ್) ಸೇರಿದರು. ಯುವಕ ಯುವತಿಯರಲ್ಲಿ ಹಲವರು ಪರಿಹಾರ ನಿಧಿಯ ನೆರವಿನಿಂದ 1862ರಲ್ಲಿ ಆಸ್ಟ್ರೇಲಿಯಾಕ್ಕೆ ವಲಸೆ ಹೋದರು. ಈ ಘಟನೆಯು ಬ್ರಿಟಿಷ್ ಸಂಸತ್ತಿನಲ್ಲಿಯೂ ಚರ್ಚೆಗೆ ಬಂದಿತು. ಆದರೆ ಅಡೇರ್ ಅವರ ಕ್ರಮವು ಅಂದಿನ ಕಾನೂನಿನ ಪರಿಧಿಯೊಳಗೇ ಇದ್ದುದರಿಂದ ಅವರ ಮೇಲೆ ಯಾವ ಕ್ರಮವೂ ಜರುಗಲಿಲ್ಲ.

ಒಕ್ಕಲೆಬ್ಬಿಸುವಿಕೆ ನಡೆದದ್ದು ಕಾರ್ನೀಲಿಯಾರ ವಿವಾಹಕ್ಕೆ ಆರು ವರ್ಷ ಮೊದಲು; ಅದರಲ್ಲಿ ಅವರ ಪಾತ್ರವಿರಲಿಲ್ಲ. ಆದರೆ ಅದೇ ಆಸ್ತಿಯಲ್ಲಿ ಲಾಕ್ ವೇ ಸರೋವರದ ದಂಡೆಯ ಮೇಲೆ ಅಡೇರ್ ಕಟ್ಟಿಸಿದ ಕೋಟೆಮನೆ ಮುಂದೆ ಕಾರ್ನೀಲಿಯಾರ ನಿವಾಸಗಳಲ್ಲಿ ಒಂದಾಯಿತು. ಗ್ರಾನೈಟ್ ಕಲ್ಲಿನ ಈ ಕಟ್ಟಡವನ್ನು ಅಡೇರ್ ಅವರ ಬಂಧು ಜಾನ್ ಟೌನ್‌ಸೆಂಡ್ ಟ್ರೆಂಚ್ ವಿನ್ಯಾಸಗೊಳಿಸಿದರು. ಗೋಪುರ ಮತ್ತು ಕೊತ್ತಲಗಳನ್ನುಳ್ಳ ಈ ಕಟ್ಟಡವು 1873ರ ವೇಳೆಗೆ ಪೂರ್ಣಗೊಂಡಿತು.

1874ರ ಪ್ರವಾಸ ಮತ್ತು ದಿನಚರಿ

1874ರ ಶರತ್ಕಾಲದಲ್ಲಿ ಅಡೇರ್ ದಂಪತಿ ಕಾಡೆಮ್ಮೆಗಳ (ಬೈಸನ್) ಬೇಟೆಗೆಂದು ಅಮೆರಿಕದ ಪಶ್ಚಿಮ ಬಯಲಿಗೆ ಪ್ರಯಾಣ ಬೆಳೆಸಿದರು. ಸೇನೆಯ ಬೆಂಗಾವಲಿನಲ್ಲಿ ನೆಬ್ರಾಸ್ಕಾದ ಸಿಡ್ನಿ ಬ್ಯಾರಕ್ಸ್‌ನಿಂದ ಹೊರಟು ಸೌತ್ ಪ್ಲಾಟ್ ನದಿಯ ಕಣಿವೆಯಲ್ಲಿ ಸಂಚರಿಸಿದರು. ಮಾರ್ಗದಲ್ಲಿ ಓಗ್ಲಾಲಾ ಸೂ ಬುಡಕಟ್ಟಿನ ಸಭೆಯೊಂದನ್ನು ಕಾರ್ನೀಲಿಯಾ ಪ್ರತ್ಯಕ್ಷವಾಗಿ ಕಂಡರು. ಬೇಟೆಯಲ್ಲಿ ಜಾನ್ ಅಡೇರ್‌ಗೆ ಯಶಸ್ಸು ದೊರೆಯಲಿಲ್ಲ. ಆಕಸ್ಮಿಕವಾಗಿ ತಾವು ಸವಾರಿ ಮಾಡುತ್ತಿದ್ದ ಕುದುರೆಗೇ ಗುಂಡು ಹಾರಿಸಿ, ಸ್ವತಃ ಪ್ರಾಣಾಪಾಯದಿಂದ ಪಾರಾದರು.

ಆಗಸ್ಟ್ 30ರಿಂದ ನವೆಂಬರ್ 5ರವರೆಗಿನ ಈ ಪ್ರವಾಸದ ಅನುಭವಗಳನ್ನು ಕಾರ್ನೀಲಿಯಾ ದಿನಚರಿಯಲ್ಲಿ ದಾಖಲಿಸಿದರು. ಅದು 1918ರಲ್ಲಿ ಮುದ್ರಣಗೊಂಡಿತು. 1965ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಮುದ್ರಣಾಲಯವು ಅದನ್ನು ಮರುಮುದ್ರಿಸಿತು. ಬಯಲು ಸೀಮೆಯ ಮೂಲನಿವಾಸಿಗಳ ಸ್ವತಂತ್ರ ಜೀವನ ಮುಗಿಯುತ್ತಿದ್ದ ಕಾಲವನ್ನು ಉನ್ನತ ವರ್ಗದ ಮಹಿಳೆಯೊಬ್ಬರ ಕಣ್ಣಿನಿಂದ ಕಾಣಿಸುವ ಬರಹವೆಂದು ಇದಕ್ಕೆ ಮಹತ್ವವಿದೆ.

ಕಾರ್ನೀಲಿಯಾ ಈ ಪ್ರವಾಸದಲ್ಲಿದ್ದ ದಿನಗಳಲ್ಲಿಯೇ ದಕ್ಷಿಣಕ್ಕೆ ನೂರಾರು ಮೈಲಿ ದೂರದ ಟೆಕ್ಸಸ್‌ನಲ್ಲಿ ನಡೆದ ಒಂದು ಘಟನೆ ಅವರ ಮುಂದಿನ ಬದುಕಿಗೆ ದಾರಿ ಮಾಡಿಕೊಟ್ಟಿತು. 1874ರ ಸೆಪ್ಟೆಂಬರ್ 28ರಂದು ಕರ್ನಲ್ ರಾನಲ್ಡ್ ಮೆಕೆಂಜಿ ನೇತೃತ್ವದ ಅಮೆರಿಕ ಸೇನೆಯು ಪಾಲೋ ಡ್ಯೂರೋ ಕಣಿವೆಯಲ್ಲಿ ಬೀಡುಬಿಟ್ಟಿದ್ದ ಕೊಮಾಂಚಿ, ಕಯೊವಾ ಮತ್ತು ಶೈಯೆನ್ ಜನರ ಮೇಲೆ ದಾಳಿ ನಡೆಸಿತು. ಅವರ ವಸತಿ ಮತ್ತು ಆಹಾರ ಸಂಗ್ರಹವನ್ನು ಸುಟ್ಟು, ವಶಪಡಿಸಿಕೊಂಡ ಕುದುರೆಗಳಲ್ಲಿ ಸಾವಿರಕ್ಕೂ ಹೆಚ್ಚನ್ನು ಕೊಂದುಹಾಕಿತು. ಕುದುರೆ ಮತ್ತು ಆಹಾರ ಎರಡನ್ನೂ ಕಳೆದುಕೊಂಡ ಜನರು ಮುಂದಿನ ತಿಂಗಳುಗಳಲ್ಲಿ ಸರ್ಕಾರ ಗೊತ್ತುಪಡಿಸಿದ ಮೀಸಲು ಪ್ರದೇಶಗಳಿಗೆ ಹೋಗುವುದು ಅನಿವಾರ್ಯವಾಯಿತು. ಹೀಗೆ ತೆರವಾದ ಕಣಿವೆಯಲ್ಲಿಯೇ ಮೂರು ವರ್ಷಗಳೊಳಗೆ ಜೆ.ಎ. ರ‍್ಯಾಂಚ್ ತಲೆಯೆತ್ತಿತು.

ಜೆ.ಎ. ರ‍್ಯಾಂಚ್‌ನ ಸ್ಥಾಪನೆ

1875ರಲ್ಲಿ ಜಾನ್ ಅಡೇರ್ ತಮ್ಮ ವ್ಯವಹಾರವನ್ನು ಕೊಲರಾಡೋದ ಡೆನ್ವರ್ ನಗರಕ್ಕೆ ವರ್ಗಾಯಿಸಿದರು. ಅಲ್ಲಿ ಅವರಿಗೆ ಚಾರ್ಲ್ಸ್ ಗುಡ್‌ನೈಟ್ (1836–1929) ಎಂಬ ದನಗಾರನ ಸಂಪರ್ಕ ಉಂಟಾಯಿತು. ಟೆಕ್ಸಸ್‌ನಿಂದ ಉತ್ತರಕ್ಕೆ ಸಾವಿರಾರು ದನಗಳನ್ನು ಹೊಡೆದುಕೊಂಡು ಹೋಗುವ ಮಾರ್ಗವನ್ನು ರೂಪಿಸಿ ಹೆಸರಾಗಿದ್ದ ಗುಡ್‌ನೈಟ್, 1873ರ ಆರ್ಥಿಕ ಕುಸಿತದಲ್ಲಿ ಭಾರಿ ನಷ್ಟ ಅನುಭವಿಸಿದ್ದರು. 1876ರಲ್ಲಿ ಉಳಿದ ದನಗಳೊಂದಿಗೆ ಪಾಲೋ ಡ್ಯೂರೋ ಕಣಿವೆಯನ್ನು ಸೇರಿದ ಅವರಿಗೆ ಅಲ್ಲಿ ದೊಡ್ಡ ಪ್ರಮಾಣದ ರ‍್ಯಾಂಚ್ ಕಟ್ಟುವ ಯೋಜನೆಯಿತ್ತು, ಬಂಡವಾಳವಿರಲಿಲ್ಲ. ಎತ್ತರದ ಬಯಲಿನ ಮಧ್ಯೆ ಸುಮಾರು 120 ಮೈಲಿ ಉದ್ದಕ್ಕೆ ಸೀಳಿಕೊಂಡಿರುವ ಈ ಕಣಿವೆಯಲ್ಲಿ ನೀರು, ಹುಲ್ಲು ಮತ್ತು ಚಳಿಗಾಲದ ಗಾಳಿಯಿಂದ ರಕ್ಷಣೆ ಮೂರೂ ದೊರೆಯುತ್ತಿದ್ದವು. ಅದರ ಕಡಿದಾದ ಬಂಡೆಗೋಡೆಗಳು ಬೇಲಿಯ ಕೆಲಸ ಮಾಡುತ್ತಿದ್ದವು.

1877ರ ಮೇ ತಿಂಗಳಿನಲ್ಲಿ ಅಡೇರ್ ದಂಪತಿ, ಗುಡ್‌ನೈಟ್ ಮತ್ತು ಅವರ ಪತ್ನಿ ಮೇರಿ ಆನ್ (ಮಾಲಿ), ಕೆಲವು ಮಂದಿ ಕೌಬಾಯ್‌ಗಳು, ಸಾಮಾನಿನ ಬಂಡಿಗಳು ಹಾಗೂ ತಳಿ ಸುಧಾರಣೆಗಾಗಿ ಕೊಂಡ ಡರ್ಹಾಮ್ ಹೋರಿಗಳೊಂದಿಗೆ ಕೊಲರಾಡೋದಿಂದ ಕಣಿವೆಯತ್ತ ಹೊರಟರು. ನಲವತ್ತು ವರ್ಷದ ಕಾರ್ನೀಲಿಯಾ ಸುಮಾರು 400 ಮೈಲಿಗಳ ಈ ದಾರಿಯನ್ನು ಕುದುರೆಯ ಮೇಲೆ ಕುಳಿತೇ ಕ್ರಮಿಸಿದರು. ಕಣಿವೆಯಲ್ಲಿ ದಂಪತಿ ಇದ್ದದ್ದು ಕೆಲವೇ ದಿನಗಳು.

1877ರ ಜೂನ್ 18ರಂದು ಸಹಿಯಾದ ಐದು ವರ್ಷದ ಒಪ್ಪಂದದ ಪ್ರಕಾರ ಬಂಡವಾಳವೆಲ್ಲ ಅಡೇರ್ ಅವರದು, ದುಡಿಮೆ ಮತ್ತು ನಿರ್ವಹಣೆ ಗುಡ್‌ನೈಟ್ ಅವರದು. ಗುಡ್‌ನೈಟ್‌ಗೆ ವಾರ್ಷಿಕ 2,500 ಡಾಲರ್ ಸಂಬಳ; ಅವಧಿಯ ಕೊನೆಗೆ ಅಡೇರ್ ಹೂಡಿದ ಹಣವನ್ನು ಶೇಕಡಾ 10ರ ಬಡ್ಡಿಯೊಂದಿಗೆ ಮರಳಿಸಿದ ನಂತರ ಉಳಿಯುವ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ಗುಡ್‌ನೈಟ್‌ಗೆ, ಮೂರನೆಯ ಎರಡು ಪಾಲು ಅಡೇರ್‌ಗೆ ಸೇರಬೇಕಾಗಿತ್ತು. ರ‍್ಯಾಂಚ್‌ನ ಹೆಸರೂ ದನಗಳ ಮೈಮೇಲೆ ಒತ್ತುವ ಮುದ್ರೆಯೂ ಹಣ ಹೂಡಿದ ಜಾನ್ ಅಡೇರ್ ಅವರ ಹೆಸರಿನ ಮೊದಲಕ್ಷರಗಳೇ ಆದವು.

ಗುಡ್‌ನೈಟ್ ಇಡೀ ಪ್ರದೇಶವನ್ನು ಒಟ್ಟಾಗಿ ಕೊಳ್ಳಲಿಲ್ಲ. ನೀರಿನ ಸೆಲೆಗಳು ಮತ್ತು ಹುಲ್ಲುಗಾವಲಿಗೆ ಇಳಿಯುವ ದಾರಿಗಳಿರುವ ತುಂಡುಗಳನ್ನು ಮಾತ್ರ ಆರಿಸಿ ಕೊಂಡರು. ನೀರು ಯಾರ ವಶದಲ್ಲಿರುತ್ತದೆಯೋ ಸುತ್ತಲಿನ ಹುಲ್ಲೂ ಅವರಿಗೇ ಉಪಯೋಗಕ್ಕೆ ಬರುತ್ತಿದ್ದುದರಿಂದ ಕಡಿಮೆ ಹಣದಲ್ಲಿ ಅಪಾರ ವಿಸ್ತಾರದ ಮೇಲೆ ಹಿಡಿತ ದೊರೆಯಿತು. ದನಗಳನ್ನು ಕಾನ್ಸಸ್‌ನ ಡಾಡ್ಜ್ ಸಿಟಿ ರೈಲು ನಿಲ್ದಾಣಕ್ಕೆ ಹೊಡೆದುಕೊಂಡು ಹೋಗಿ ಮಾರಲಾಗುತ್ತಿತ್ತು. ಮೊದಲ ಐದು ವರ್ಷಗಳಲ್ಲಿ ಲಾಭವು 5,12,000 ಡಾಲರ್‌ಗಳನ್ನು ಮೀರಿತು. 1882ರಲ್ಲಿ ಒಪ್ಪಂದವನ್ನು ಇನ್ನೂ ಐದು ವರ್ಷಕ್ಕೆ ನವೀಕರಿಸಲಾಯಿತು. ಉಚ್ಛ್ರಾಯ ಕಾಲದಲ್ಲಿ ರ‍್ಯಾಂಚ್ ಹಲವು ಕೌಂಟಿಗಳಲ್ಲಿ 13 ಲಕ್ಷ ಎಕರೆಗೂ ಹೆಚ್ಚು ಭೂಮಿಯನ್ನು ಬಳಸುತ್ತಿದ್ದು, ಅಲ್ಲಿ ಸುಮಾರು ಒಂದು ಲಕ್ಷ ದನಗಳಿದ್ದವು.

ಜಾನ್ ಅಡೇರ್ ಅವರ ಸಿಡುಕು ಮತ್ತು ಅಧಿಕಾರದ ಧೋರಣೆಯಿಂದಾಗಿ ರ‍್ಯಾಂಚ್‌ನ ಕೆಲಸಗಾರರಿಗೆ ಅವರ ಮೇಲೆ ಒಲವಿರಲಿಲ್ಲ. ಕಾರ್ನೀಲಿಯಾ ಮಾತ್ರ ಗುಡ್‌ನೈಟ್ ದಂಪತಿಯ ಗೌರವಕ್ಕೆ ಪಾತ್ರರಾಗಿದ್ದರು.

ಒಡೆತನ ಮತ್ತು ವಿಭಜನೆ

1885ರ ಮೇ ತಿಂಗಳಿನಲ್ಲಿ, ರ‍್ಯಾಂಚ್‌ಗೆ ಭೇಟಿ ನೀಡಿ ಹಿಂದಿರುಗುತ್ತಿದ್ದ ಜಾನ್ ಅಡೇರ್ ಮಿಸ್ಸೋರಿಯ ಸೇಂಟ್ ಲೂಯಿಸ್ ನಗರದಲ್ಲಿ ನಿಧನರಾದರು. ಟೆಕ್ಸಸ್ ಮತ್ತು ಐರ್ಲೆಂಡ್ ಎರಡೂ ಕಡೆಯ ಆಸ್ತಿ ಕಾರ್ನೀಲಿಯಾರ ಪಾಲಿಗೆ ಬಂದಿತು. ಗುಡ್‌ನೈಟ್ ಅವರ ವ್ಯವಹಾರದಲ್ಲಿ ಅವರು ಪಾಲುದಾರರಾದರು.

ಜಾನುವಾರು ಉದ್ಯಮಕ್ಕೆ ಅದು ಕಷ್ಟದ ಕಾಲವಾಗಿತ್ತು. 1886ರ ಆರಂಭದ ಹಿಮಬಿರುಗಾಳಿಯಲ್ಲಿ ಪ್ಯಾನ್‌ಹ್ಯಾಂಡಲ್ ಪ್ರದೇಶದ ಅಪಾರ ದನಗಳು ಬೇಲಿಗಳಿಗೆ ತಡೆದು ನಿಂತು ಸತ್ತವು. ಬರಗಾಲ ಮತ್ತು ಬೆಲೆ ಕುಸಿತ ಬೆನ್ನಟ್ಟಿ ಬಂದವು. ಸರ್ಕಾರಿ ಭೂಮಿಯನ್ನು ರ‍್ಯಾಂಚ್‌ಗಳು ಬಳಸುವ ಬಗ್ಗೆ ರಾಜ್ಯ ಸರ್ಕಾರದೊಂದಿಗೆ ವಿವಾದಗಳೂ ಇದ್ದವು. 1887ರಲ್ಲಿ ಎರಡನೆಯ ಒಪ್ಪಂದದ ಅವಧಿ ಮುಗಿದಾಗ ಗುಡ್‌ನೈಟ್ ಪಾಲುದಾರಿಕೆಯಿಂದ ಹೊರಬರಲು ನಿರ್ಧರಿಸಿದರು. ವಿಭಜನೆಯಲ್ಲಿ ಪಾಲುದಾರಿಕೆಗೆ ಸೇರಿದ ಇನ್ನೊಂದು ರ‍್ಯಾಂಚ್ ಆದ ಕ್ವಿಟಾಕ್ವೇಯನ್ನು ಗುಡ್‌ನೈಟ್ ಪಡೆದರು. ಅದಕ್ಕೆ ಪ್ರತಿಯಾಗಿ ಜೆ.ಎ. ರ‍್ಯಾಂಚ್‌ನಲ್ಲಿ ಅವರಿಗಿದ್ದ ಮೂರನೆಯ ಒಂದು ಪಾಲು ಕಾರ್ನೀಲಿಯಾರಿಗೆ ಸೇರಿತು. ಹೀಗೆ 3,36,000 ಎಕರೆ ಭೂಮಿ, 48,000 ದನಗಳು ಹಾಗೂ ಕುದುರೆ, ಹೇಸರಗತ್ತೆ ಮತ್ತು ಸಲಕರಣೆಗಳಿಗೆ ಅವರೊಬ್ಬರೇ ಒಡತಿಯಾದರು. ವಿಭಜನೆ ನಡೆದ ನಂತರವೂ ಗುಡ್‌ನೈಟ್ ಹೊಸ ವ್ಯವಸ್ಥಾಪಕರು ಬರುವವರೆಗೆ ರ‍್ಯಾಂಚ್‌ನ ಉಸ್ತುವಾರಿ ನೋಡಿಕೊಂಡರು.

ವ್ಯವಸ್ಥಾಪಕರ ಮೂಲಕ ಆಡಳಿತ

ಕಾರ್ನೀಲಿಯಾ ಬ್ರಿಟಿಷ್ ಪೌರತ್ವವನ್ನು ಪಡೆದಿದ್ದರು. ವರ್ಷದ ಹೆಚ್ಚಿನ ಕಾಲ ಅವರ ವಾಸ ಇಂಗ್ಲೆಂಡ್ ಮತ್ತು ಐರ್ಲೆಂಡಿನಲ್ಲಿತ್ತು. ಆದರೂ ಟೆಕ್ಸಸ್‌ಗೆ ಪದೇಪದೇ ಭೇಟಿ ನೀಡಿ ರ‍್ಯಾಂಚ್‌ನ ಸ್ಥಿತಿಗತಿಯನ್ನು ಸ್ವತಃ ಪರಿಶೀಲಿಸುತ್ತಿದ್ದರು. ದಿನನಿತ್ಯದ ಆಡಳಿತವು ವ್ಯವಸ್ಥಾಪಕರ ಕೈಯಲ್ಲಿತ್ತು.

ಇವರಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದವರು ರಿಚರ್ಡ್ ವಾಲ್ಷ್. ಐರ್ಲೆಂಡಿನಿಂದ 1885ರಲ್ಲಿ ಟೆಕ್ಸಸ್‌ಗೆ ಬಂದ ವಾಲ್ಷ್, ಸಾಮಾನ್ಯ ಕೆಲಸಗಾರನಾಗಿ ದುಡಿದು 1892ರಲ್ಲಿ ವ್ಯವಸ್ಥಾಪಕರಾದರು. 1910ರವರೆಗೆ ಆ ಹುದ್ದೆಯಲ್ಲಿದ್ದು, ದನಗಳ ತಳಿಯನ್ನು ಸುಧಾರಿಸಿ ಜೆ.ಎ. ಮುದ್ರೆಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಹೆಸರು ತಂದರು. ನಂತರ ಆಫ್ರಿಕಾದ ರೊಡೇಶಿಯಾಕ್ಕೆ ತೆರಳಿದರು. ಕಾರ್ನೀಲಿಯಾರ ಮಗ ಜೇಮ್ಸ್ ವಾಡ್ಸ್‌ವರ್ತ್ (ಜ್ಯಾಕ್) ರಿಚಿ ಕೂಡ ರ‍್ಯಾಂಚ್‌ನಲ್ಲಿ ಕೆಲಕಾಲ ಇದ್ದರು, ಆದರೆ ಅದರ ಆಡಳಿತ ಅವರಿಗೆ ಬರಲಿಲ್ಲ. 1911ರಿಂದ 1915ರವರೆಗೆ ಕಾರ್ನೀಲಿಯಾರ ಸೋದರನ ಮಗ ಜೇಮ್ಸ್ ವಾಡ್ಸ್‌ವರ್ತ್ ಕಿರಿಯ ವ್ಯವಸ್ಥಾಪಕರಾಗಿದ್ದರು. ಅದಕ್ಕೆ ಮೊದಲು ನ್ಯೂಯಾರ್ಕ್ ರಾಜ್ಯ ವಿಧಾನಸಭೆಯ ಸ್ಪೀಕರ್ ಆಗಿದ್ದ ಅವರು 1915ರಲ್ಲಿ ಅಮೆರಿಕದ ಸೆನೆಟ್ ಪ್ರವೇಶಿಸಿದರು. ಅವರ ನಂತರ ಟಿಮೊಥಿ ಡ್ವೈಟ್ ಹೋಬಾರ್ಟ್ 1935ರವರೆಗೆ ಆಡಳಿತ ನಡೆಸಿದರು.

ಈ ಅವಧಿಯಲ್ಲಿ ರ‍್ಯಾಂಚ್‌ನ ಸ್ವರೂಪ ಬದಲಾಯಿತು. ರೈಲು ಮಾರ್ಗ ಬಂದಿದ್ದರಿಂದ ದೂರದ ಪೇಟೆಗೆ ದನ ಹೊಡೆಯುವ ಪದ್ಧತಿ ಕೊನೆಗೊಂಡಿತು. ಉದ್ದಕೊಂಬಿನ ನಾಡದನಗಳ ಜಾಗವನ್ನು ಹೆರ್‌ಫರ್ಡ್ ಮೊದಲಾದ ತಳಿಗಳು ಪಡೆದವು. ಮುಕ್ತ ಹುಲ್ಲುಗಾವಲಿನ ಬದಲು ಮುಳ್ಳುತಂತಿಯ ಬೇಲಿಗಳು ಬಂದವು. ರೈತರು ಬಂದು ನೆಲೆಸತೊಡಗಿದಂತೆ ಹಿಡುವಳಿಯ ಅಂಚಿನ ಭೂಮಿ ಕ್ರಮೇಣ ಕೃಷಿಗೆ ಹೋಯಿತು. 1880ರ ದಶಕದ ಅನೇಕ ವಿದೇಶಿ ಬಂಡವಾಳದ ರ‍್ಯಾಂಚ್‌ಗಳು ಒಡೆದುಹೋದರೂ ಜೆ.ಎ. ರ‍್ಯಾಂಚ್ ಒಂದೇ ಕುಟುಂಬದ ಕೈಯಲ್ಲಿ ಉಳಿಯಿತು.

ಗ್ಲೆನ್‌ವೇ ಮತ್ತು ಸಾಮಾಜಿಕ ಜೀವನ

ಪತಿಯ ಮರಣದ ನಂತರ ಗ್ಲೆನ್‌ವೇ ಕೋಟೆಮನೆಯು ಕಾರ್ನೀಲಿಯಾರ ಬೇಸಿಗೆಯ ನಿವಾಸವಾಯಿತು. ಅವರು ಕಟ್ಟಡವನ್ನು ಸುಧಾರಿಸಿ, ಸುತ್ತಲೂ ಉದ್ಯಾನವನ್ನು ನಿರ್ಮಿಸಿದರು. ಬೋಳಾಗಿದ್ದ ಗುಡ್ಡದ ಇಳಿಜಾರಿನಲ್ಲಿ ಗಾಳಿಗೆ ತಡೆಯಾಗಿ ಪೈನ್ ಮರಗಳನ್ನೂ ರೋಡೊಡೆಂಡ್ರನ್ ಗಿಡಗಳನ್ನೂ ಬೆಳೆಸಲಾಯಿತು. ಬೇಟೆಯ ವಿನೋದಕ್ಕಾಗಿ ಕೆಂಪು ಜಿಂಕೆಗಳನ್ನು ತರಿಸಿ, ಆಸ್ತಿಯ ಸುತ್ತ ಉದ್ದನೆಯ ಬೇಲಿ ಹಾಕಿಸಿದರು. ಬ್ರಿಟನ್ನಿನ ಗಣ್ಯ ಅತಿಥಿಗಳು ಬೇಸಿಗೆಯಲ್ಲಿ ಇಲ್ಲಿಗೆ ಬರುತ್ತಿದ್ದರು. 19ನೆಯ ಶತಮಾನದ ಕೊನೆಗೆ ಬ್ರಿಟಿಷ್ ಸಮಾಜದಲ್ಲಿ ಸ್ಥಾನ ಪಡೆದ ಅಮೆರಿಕದ ಶ್ರೀಮಂತ ಮಹಿಳೆಯರ ಸಾಲಿನಲ್ಲಿ ಕಾರ್ನೀಲಿಯಾ ಅವರ ಹೆಸರೂ ಸೇರುತ್ತದೆ. ಅವರ ತಂಗಿ ಎಲಿಜಬೆತ್ ಕೂಡ 1889ರಲ್ಲಿ ಐರ್ಲೆಂಡಿನ ದೊಡ್ಡ ಜಮೀನ್ದಾರರಲ್ಲೊಬ್ಬರಾದ ಆರ್ಥರ್ ಸ್ಮಿತ್-ಬ್ಯಾರಿ ಅವರನ್ನು ಮರುವಿವಾಹವಾಗಿದ್ದರು.

ಡೊನೆಗಾಲ್‌ನ ಜನರ ನೆನಪಿನಲ್ಲಿ ಕಾರ್ನೀಲಿಯಾ ಪತಿಗಿಂತ ಭಿನ್ನವಾಗಿ, ಉದಾರಿಯೂ ಮೃದುಸ್ವಭಾವದವರೂ ಆಗಿ ಉಳಿದಿದ್ದಾರೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಬೆಲ್ಜಿಯಂ ಸೈನಿಕರು ಚೇತರಿಸಿಕೊಳ್ಳಲು ಕೋಟೆಮನೆಯಲ್ಲಿ ಅವಕಾಶ ಮಾಡಿಕೊಟ್ಟರು. ಆದರೆ ಪತಿಯ ನೆನಪನ್ನು ಅವರು ಗೌರವದಿಂದಲೇ ಉಳಿಸಿಕೊಂಡರು. ಲೀಶ್ ಕೌಂಟಿಯ ಬ್ಯಾಲಿಬ್ರಿಟಸ್ ಬಳಿ ಜಾನ್ ಅಡೇರ್ ಸ್ಮಾರಕವಾಗಿ ಒಂದು ಚರ್ಚನ್ನು ಕಟ್ಟಿಸಿದರು. ವಾಸ್ತುಶಿಲ್ಪಿ ಜೇಮ್ಸ್ ಫ್ರಾಂಕ್ಲಿನ್ ಫುಲ್ಲರ್ ವಿನ್ಯಾಸಗೊಳಿಸಿದ ಈ ಕಟ್ಟಡವು ಪ್ರಾಚೀನ ಐರಿಷ್ ರೋಮನೆಸ್ಕ್ ಶೈಲಿಯನ್ನು ಅನುಸರಿಸಿದೆ. ಡೆರಿವೇಯಿಂದ ಒಕ್ಕಲೆಬ್ಬಿಸಲ್ಪಟ್ಟ ಕುಟುಂಬಗಳ ಭೂಮಿ ಅವರಿಗೆ ಮರಳಲಿಲ್ಲ.

ಟೆಕ್ಸಸ್‌ನಲ್ಲಿ ದಾನ ಕಾರ್ಯಗಳು

ಜೆ.ಎ. ರ‍್ಯಾಂಚ್‌ಗೆ ಹತ್ತಿರದ ಪಟ್ಟಣ ಕ್ಲಾರೆಂಡನ್. ಇದು 1878ರಲ್ಲಿ ಮೆಥೊಡಿಸ್ಟ್ ಪಾದ್ರಿ ಲೂಯಿಸ್ ಹೆನ್ರಿ ಕಾರ್‌ಹಾರ್ಟ್ ಸ್ಥಾಪಿಸಿದ ವಸತಿಯಾಗಿದ್ದು, 1887ರಲ್ಲಿ ರೈಲು ಮಾರ್ಗ ಬಂದಾಗ ಊರೇ ಹಳಿಯ ಬಳಿಗೆ ಸ್ಥಳಾಂತರಗೊಂಡಿತು. ಕಾರ್ನೀಲಿಯಾ ಈ ಪಟ್ಟಣದ ಸಾರ್ವಜನಿಕ ಕಾರ್ಯಗಳಿಗೆ ಧಾರಾಳವಾಗಿ ನೆರವಾದರು. ಅವರ ಕೊಡುಗೆಯಿಂದ ಅಡೇರ್ ಆಸ್ಪತ್ರೆ ಸ್ಥಾಪನೆಯಾಯಿತು. ವೈದ್ಯಕೀಯ ಸೌಲಭ್ಯ ವಿರಳವಾಗಿದ್ದ ಆ ವಿಸ್ತಾರವಾದ ಪ್ರದೇಶದಲ್ಲಿ, ಕುದುರೆಯಿಂದ ಬಿದ್ದು ಅಥವಾ ದನಗಳ ಇರಿತಕ್ಕೆ ಸಿಕ್ಕಿ ಗಾಯಗೊಳ್ಳುವುದು ಸಾಮಾನ್ಯವಾಗಿದ್ದ ಜನರಿಗೆ, ಆಸ್ಪತ್ರೆಯು ದೊಡ್ಡ ಅನುಕೂಲವಾಗಿತ್ತು. ಪಟ್ಟಣದ ವೈ.ಎಂ.ಸಿ.ಎ. ಕಟ್ಟಡಕ್ಕೂ ಅವರು ಧನಸಹಾಯ ನೀಡಿದರು. ಬಾಲಚಮೂ (ಬಾಯ್ ಸ್ಕೌಟ್) ಚಳವಳಿಗೆ ಉತ್ಸಾಹದಿಂದ ಬೆಂಬಲ ಕೊಟ್ಟರು.

ನಿಧನ

ಕಾರ್ನೀಲಿಯಾ ಅಡೇರ್ 1921ರ ಸೆಪ್ಟೆಂಬರ್ 22ರಂದು ತಮ್ಮ 84ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ದೇಹವನ್ನು ಐರ್ಲೆಂಡಿನಲ್ಲಿ ಪತಿಯ ಸಮಾಧಿಯ ಪಕ್ಕದಲ್ಲಿ ಹೂಳಲಾಯಿತು. ಅದು ಐರ್ಲೆಂಡ್ ಸ್ವಾತಂತ್ರ್ಯ ಪಡೆಯುತ್ತಿದ್ದ ಸಂದರ್ಭವಾಗಿತ್ತು. ಮರುವರ್ಷ ಅಂತರ್ಯುದ್ಧದ ವೇಳೆ ಗ್ಲೆನ್‌ವೇ ಕೋಟೆಮನೆಯಲ್ಲಿ ಮೊದಲು ಐರಿಷ್ ರಿಪಬ್ಲಿಕನ್ ಸೇನೆಯೂ ಬಳಿಕ ಹೊಸ ಸರ್ಕಾರದ ಸೇನೆಯೂ ಬೀಡುಬಿಟ್ಟಿದ್ದವು.

ಪರಂಪರೆ

ಗ್ಲೆನ್‌ವೇ ಆಸ್ತಿಯನ್ನು 1929ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಆರ್ಥರ್ ಕಿಂಗ್ಸ್‌ಲಿ ಪೋರ್ಟರ್ ಕೊಂಡರು. ಅವರು 1933ರಲ್ಲಿ ಡೊನೆಗಾಲ್ ತೀರದ ಇನಿಶ್‌ಬಾಫಿನ್ ದ್ವೀಪದಲ್ಲಿ ಕಣ್ಮರೆಯಾದ ಬಳಿಕ, 1937ರಲ್ಲಿ ಹೆನ್ರಿ ಮ್ಯಾಕ್‌ಇಲ್ಹೆನಿ ಅದರ ಮಾಲೀಕರಾದರು. ಕಾರ್ನೀಲಿಯಾರಂತೆಯೇ ಫಿಲಡೆಲ್ಫಿಯಾದವರಾದ ಮ್ಯಾಕ್‌ಇಲ್ಹೆನಿ 1975ರಲ್ಲಿ ಭೂಮಿಯನ್ನು ಐರ್ಲೆಂಡ್ ಸರ್ಕಾರಕ್ಕೆ ಮಾರಿದರು. ಮುಂದೆ ಕೋಟೆಮನೆಯನ್ನೂ ಉದ್ಯಾನವನ್ನೂ ದೇಶಕ್ಕೆ ದಾನ ಮಾಡಿದರು. ಈಗ ಆ ಪ್ರದೇಶವು ಗ್ಲೆನ್‌ವೇ ರಾಷ್ಟ್ರೀಯ ಉದ್ಯಾನವಾಗಿದ್ದು, ಅಲ್ಲಿನ ಜಿಂಕೆಗಳ ಹಿಂಡು ಕಾರ್ನೀಲಿಯಾರ ಕಾಲದಲ್ಲಿ ತರಿಸಿದ ಪ್ರಾಣಿಗಳಿಂದ ಬೆಳೆದದ್ದು.

ಜೆ.ಎ. ರ‍್ಯಾಂಚ್ ಕಾರ್ನೀಲಿಯಾರ ಮರಣಾನಂತರ ತೆರಿಗೆ ಮತ್ತು ಸಾಲದ ಭಾರಕ್ಕೆ ಸಿಲುಕಿತು. ಜ್ಯಾಕ್ ರಿಚಿಯ ಮಗ, ಇಂಗ್ಲೆಂಡಿನಲ್ಲಿ ಜನಿಸಿದ ಮಾಂಟ್ಗೊಮೆರಿ (ಮಾಂಟಿ) ರಿಚಿ 1935ರಲ್ಲಿ ಅದರ ಆಡಳಿತ ವಹಿಸಿಕೊಂಡು, ಭೂಮಿಯ ಕೆಲಭಾಗವನ್ನು ಮಾರಿ ಸಾಲ ತೀರಿಸಿದರು. ಮುಂದಿನ ಐದು ದಶಕಗಳಿಗೂ ಹೆಚ್ಚು ಕಾಲ ರ‍್ಯಾಂಚನ್ನು ನಡೆಸಿದರು. 1960ರಲ್ಲಿ ಅಮೆರಿಕ ಸರ್ಕಾರವು ಜೆ.ಎ. ರ‍್ಯಾಂಚನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿಸಿತು. ಪಾಲೋ ಡ್ಯೂರೋ ಕಣಿವೆಯ ಮೇಲಿನ ಭಾಗವೊಂದು 1934ರಿಂದ ರಾಜ್ಯ ಉದ್ಯಾನವಾಗಿದೆ. ಮಾಲಿ ಗುಡ್‌ನೈಟ್ ಅವರ ಒತ್ತಾಯದಿಂದ ರಕ್ಷಿಸಲ್ಪಟ್ಟ ಕಾಡೆಮ್ಮೆ ಕರುಗಳ ಸಂತತಿಯು ಜೆ.ಎ. ರ‍್ಯಾಂಚ್‌ನಲ್ಲಿ ಶತಮಾನದ ಕಾಲ ಉಳಿದಿತ್ತು. ಅದನ್ನು 1990ರ ದಶಕದಲ್ಲಿ ಟೆಕ್ಸಸ್ ರಾಜ್ಯಕ್ಕೆ ಒಪ್ಪಿಸಲಾಯಿತು. ಇಂದು ಕ್ಯಾಪ್‌ರಾಕ್ ಕ್ಯಾನ್ಯನ್ಸ್ ರಾಜ್ಯ ಉದ್ಯಾನದಲ್ಲಿ ಆ ಹಿಂಡನ್ನು ಕಾಣಬಹುದು.

ಟೆಕ್ಸಸ್‌ನ ಇತಿಹಾಸದಲ್ಲಿ ಕಾರ್ನೀಲಿಯಾ ಮುಖ್ಯವಾಗಿ ಒಂದು ದೊಡ್ಡ ಉದ್ಯಮವನ್ನು ಸಂಕಟ ಕಾಲದಲ್ಲಿ ಉಳಿಸಿಕೊಂಡ ಒಡತಿಯಾಗಿಯೂ ಕ್ಲಾರೆಂಡನ್ ಪಟ್ಟಣದ ದಾನಿಯಾಗಿಯೂ ಉಲ್ಲೇಖಗೊಳ್ಳುತ್ತಾರೆ. ಐರ್ಲೆಂಡಿನ ಇತಿಹಾಸದಲ್ಲಿ ಅವರ ಹೆಸರು ಡೆರಿವೇ ಒಕ್ಕಲೆಬ್ಬಿಸುವಿಕೆಯ ಕಥೆಯ ಜೊತೆಗೇ ಬರುತ್ತದೆ. ಅವರ ಬದುಕಿಗೆ ಆಧಾರವಾದ ಜೆನೆಸೀ, ಡೊನೆಗಾಲ್ ಮತ್ತು ಪಾಲೋ ಡ್ಯೂರೋ ಎಂಬ ಮೂರೂ ಭೂಭಾಗಗಳಲ್ಲಿ ಹಿಂದಿನ ನಿವಾಸಿಗಳು ಒಪ್ಪಂದ, ಕಾನೂನು ಅಥವಾ ಸೇನೆಯ ಬಲದಿಂದ ಸ್ಥಳ ಬಿಟ್ಟಿದ್ದರು. ಡೆರಿವೇಯಲ್ಲಿ ಕೆಡವಲ್ಪಟ್ಟ ಮನೆಗಳ ಕಲ್ಲಿನ ಅವಶೇಷಗಳು ಇಂದಿಗೂ ಅಲ್ಲಿನ ಗುಡ್ಡಗಳಲ್ಲಿ ಉಳಿದಿವೆ.